ಮೊಲದ ಮರಿಗೆ ಅಭ್ಯಂಜನ ಬೇಡ

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮೊಲ ಸಾಕುವ ನಮ್ಮಲ್ಲಿಯೂ ಇಂಥ ಮೂರು ಕಾಲಿನ ಹಟವೊಂದುಂಟು. ಪ್ರಾಣಿ ಶುಚಿಯಾಗಿರಬೇಕಾದರೆ ಅದಕ್ಕೆ ಸ್ನಾನ ಮಾಡಿಸಲೇಬೇಕು ಎಂಬುದೇ ಆ ಹಟ. ಎಮ್ಮೆಯನ್ನು ಕೆರೆಗೆ ಇಳಿಸಿ ತೊಳೆಯುತ್ತೇವೆ, ಎತ್ತಿನ ಮೈ ಉಜ್ಜುತ್ತೇವೆ, ನಾಯಿಗೂ ಆಗಾಗ ನೀರು ಹೊಯ್ಯುತ್ತೇವೆ. ಹತ್ತಿಯ ಉಂಡೆಯಂತಿರುವ ಈ ಪುಟ್ಟ ಪ್ರಾಣಿಗೆ ಮಾತ್ರ ಸ್ನಾನ ಏಕೆ ಬೇಡ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಸರಿ. ಮೊಲದ ಮರಿ ಬದುಕುವುದೂ ಬದುಕದಿರುವುದೂ ಎಷ್ಟೋ ವೇಳೆ ಇದಕ್ಕೆ ಕೊಡುವ ಉತ್ತರದ ಮೇಲೆ ನಿಂತಿದೆ.

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ; ನರಕಚತುರ್ದಶಿಯ ಬೆಳಗಿನ ಜಾವ. ಹಂಡೆಯಲ್ಲಿ ನೀರು ಕಾದಿದೆ. ಮನೆಮಂದಿಗೆಲ್ಲ ಎಣ್ಣೆ ಸ್ನಾನವಾಯಿತು. ನಾಲ್ಕನೆಯ ತರಗತಿಯ ಹುಡುಗಿಗೆ ತನ್ನ ಮೊಲದ ಮರಿಯ ನೆನಪಾಗುತ್ತದೆ. ಸಂತೆಯಿಂದ ಅಪ್ಪ ತಂದುಕೊಟ್ಟು ಹದಿನೈದು ದಿನವೂ ಆಗಿಲ್ಲ. ಮರಿಗಿನ್ನೂ ಒಂದೂವರೆ ತಿಂಗಳು. ಹಬ್ಬದ ದಿನ ಅದೊಂದಕ್ಕೆ ಏಕೆ ಮೈಲಿಗೆ ಎಂದು ಬಚ್ಚಲಿಗೆ ಕೊಂಡೊಯ್ದು, ಸೀಗೆಪುಡಿ ಹಚ್ಚಿ, ಎರಡು ಚೊಂಬು ನೀರು ಹಾಕಿ, ತನ್ನದೇ ಟವಲಿನಲ್ಲಿ ಸುತ್ತಿ ಜಗಲಿಯ ಮೇಲೆ ಬಿಡುತ್ತಾಳೆ. ಹೊರಗೆ ಚಳಿಗಾಳಿ, ಬೀದಿಯಲ್ಲಿ ಪಟಾಕಿಯ ಸದ್ದು. ಮಧ್ಯಾಹ್ನಕ್ಕೆ ಮರಿ ಮೂಲೆಯಲ್ಲಿ ಮುದುಡಿ ಕುಳಿತಿದೆ, ಹುಲ್ಲು ಮುಟ್ಟಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಮೈ ಸೆಟೆದಿದೆ. ಮಗು ಮಾಡಿದ ತಪ್ಪಿನಲ್ಲಿ ಕೆಡುಕೆಂಬುದೇ ಇಲ್ಲ, ಇದ್ದದ್ದೆಲ್ಲ ಪ್ರೀತಿಯೇ. ಆದರೆ ಪ್ರೀತಿಗೆ ತಿಳಿವಳಿಕೆಯ ಜೊತೆ ಇಲ್ಲದಿದ್ದರೆ ಆಗುವುದು ಹೀಗೆಯೇ.

ನೀರು ಮೊಲವನ್ನು ಕೊಲ್ಲುವುದು ಹೇಗೆ? ಮೊಲದ ಮೇಲ್ಕೂದಲಿನ ಕೆಳಗೆ ಅತಿ ದಟ್ಟವಾದ ಒಳತುಪ್ಪಟವಿದೆ. ಅದು ಒಮ್ಮೆ ನೆನೆದರೆ ಬೇಗ ಒಣಗುವುದಿಲ್ಲ. ಮೇಲೆ ಮುಟ್ಟಿ ನೋಡಿದರೆ ಒಣಗಿದಂತೆ ತೋರಿದರೂ ಚರ್ಮದ ಬಳಿ ಗಂಟೆಗಟ್ಟಲೆ ತೇವ ಉಳಿದಿರುತ್ತದೆ. ಮೊಲದ ಮೈಶಾಖ ಸುಮಾರು 101ರಿಂದ 103 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮದಕ್ಕಿಂತ ಹೆಚ್ಚು. ಅಂಗೈಯಗಲದ ಮರಿಗೆ ಈ ಶಾಖವನ್ನು ಒದ್ದೆ ಮೈಯಲ್ಲಿ ಉಳಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಇದರ ಮೇಲೆ ಭಯ ಬೇರೆ. ಮೊಲ ಹುಟ್ಟಿನಿಂದಲೇ ಬೇಟೆಗೆ ಒಳಗಾಗುವ ಪ್ರಾಣಿ. ಯಾರೋ ಹಿಡಿದು ನೀರಿಗೆ ಅದ್ದಿದರೆ ತನ್ನ ಕಾಲ ಮುಗಿಯಿತೆಂದೇ ಅದು ತಿಳಿಯುತ್ತದೆ. ಅದರ ಹಿಂಗಾಲುಗಳಿಗೆ ಬಲ ಬಹಳ, ಮೂಳೆ ಹಗುರ. ಒದ್ದಾಡುವಾಗ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುವುದುಂಟು. ಭಯಕ್ಕೆ ಹೊಟ್ಟೆಯ ಕೆಲಸ ನಿಂತುಹೋಗುವುದೂ ಉಂಟು.

ಹಾಗಾದರೆ ಶುಚಿಯ ಗತಿ ಏನು? ಆರೋಗ್ಯವಂತ ಮೊಲವನ್ನು ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿ. ಮುಂಗಾಲನ್ನು ನೆಕ್ಕಿ ಮುಖ ಒರೆಸಿಕೊಳ್ಳುತ್ತದೆ, ಕಿವಿಯನ್ನು ಎಳೆದುಕೊಂಡು ಸವರುತ್ತದೆ, ಬೆನ್ನಿನ ಕೂದಲನ್ನು ಒಪ್ಪ ಮಾಡುತ್ತದೆ. ಮೈಯನ್ನು ಶುಚಿಯಾಗಿಡುವ ಕೆಲಸ ಅದರದು. ಅದು ವಾಸಿಸುವ ಗೂಡನ್ನು ಶುಚಿಯಾಗಿಡುವ ಕೆಲಸ ನಿಮ್ಮದು. ಮೊಲವನ್ನು ತೊಳೆಯಬೇಡಿ, ಮೊಲದ ಮನೆಯನ್ನು ತೊಳೆಯಿರಿ. ಈ ಲೇಖನದ ಸಾರವೆಲ್ಲ ಇಷ್ಟೇ. ಉಳಿದದ್ದು ವಿವರ.

ವಿವರಕ್ಕೆ ಹೋಗುವ ಮುನ್ನ ನಮ್ಮ ಸೀಮೆಯವರಿಗೆ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ನಾವು ಎರಡು ಬೇರೆ ಬೇರೆ ಪ್ರಾಣಿಗಳನ್ನು ಮೊಲವೆಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಕಣಕಟ್ಟೆಯ ಸುತ್ತಿನ ರಾಗಿ ಹೊಲ, ಹುರುಳಿ ಹೊಲ, ಕುರುಚಲು ಕಾವಲುಗಳಲ್ಲಿ ಚಂಗನೆ ನೆಗೆದು ಓಡುವುದು ಕಾಡುಮೊಲ. ಕಂದು ಮೈ, ಉದ್ದ ಕಾಲು, ಕುತ್ತಿಗೆಯ ಹಿಂದೆ ಕಪ್ಪು ಮಚ್ಚೆ. ಪೇಟೆಯಲ್ಲಿ ಕೊಳ್ಳುವ ಬಿಳಿಯ, ಬೂದಿ ಬಣ್ಣದ ಸಾಕುಮೊಲದ ಪೂರ್ವಜರು ಸ್ಪೇನ್, ಪೋರ್ಚುಗಲ್ ಕಡೆಯವರು. ಸಾಕುಮೊಲದ ಮರಿ ಹುಟ್ಟುವಾಗ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ತೆರೆಯಲು ಸುಮಾರು ಹತ್ತು ದಿನ ಬೇಕು. ಕಾಡುಮೊಲದ ಮರಿಯಾದರೋ ಕೂದಲು ಹೊತ್ತು, ಕಣ್ಣು ತೆರೆದೇ ಹುಟ್ಟುತ್ತದೆ. ತಾಯಿ ಅದನ್ನು ಹುಲ್ಲಿನ ಮರೆಯಲ್ಲಿ ಬಿಟ್ಟು ಹಗಲೆಲ್ಲ ದೂರವಿದ್ದು, ಕತ್ತಲಾದ ಮೇಲೆ ಬಂದು ಸ್ವಲ್ಪ ಹೊತ್ತು ಹಾಲೂಡಿ ಹೋಗುತ್ತದೆ. ಕಳೆ ಕೀಳುವಾಗಲೋ ಕೊಯ್ಲಿನಲ್ಲೋ ಇಂಥ ಮರಿಯನ್ನು ಕಂಡ ಮಕ್ಕಳು ತಬ್ಬಲಿಯೆಂದು ಮನೆಗೆ ತರುತ್ತಾರೆ. ಅದು ತಬ್ಬಲಿಯಲ್ಲ, ತಂದ ಮೇಲೆ ತಬ್ಬಲಿಯಾಗುತ್ತದೆ, ಮತ್ತು ಬಹುಮಟ್ಟಿಗೆ ಬದುಕುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲವನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಕಂಡ ಮರಿಯನ್ನು ಕಂಡಲ್ಲಿಯೇ ಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಇನ್ನು ಮುಂದೆ ಹೇಳುವುದೆಲ್ಲ ಸಾಕುಮೊಲದ ವಿಚಾರ.

ಮರಿ ಕೊಳ್ಳುವಾಗ ಮೊದಲು ವಯಸ್ಸು ಕೇಳಿ. ಎಂಟು ವಾರ ತುಂಬಿದ ಮರಿಯಾದರೆ ಒಳ್ಳೆಯದು. ಜಾತ್ರೆ, ಸಂತೆಗಳಲ್ಲಿ ಮಾರುವ ತೀರ ಚಿಕ್ಕ ಮರಿಗಳು ತಾಯಿಯ ಹಾಲನ್ನು ಬೇಗ ಬಿಟ್ಟವು. ಅವುಗಳ ಹೊಟ್ಟೆ ಇನ್ನೂ ಹುಲ್ಲಿಗೆ ಒಗ್ಗಿರುವುದಿಲ್ಲ. ಕಣ್ಣು ಹೊಳೆಯುತ್ತಿರಬೇಕು, ಮೂಗು ಒಣಗಿರಬೇಕು, ಬಾಲದ ಕೆಳಗೆ ಕೊಳೆ ಅಂಟಿರಬಾರದು. ಮುಂಗಾಲಿನ ಒಳಬದಿಯನ್ನೂ ನೋಡಿ. ಅಲ್ಲಿ ಕೂದಲು ಗಂಟುಗಟ್ಟಿದ್ದರೆ ಮರಿಗೆ ನೆಗಡಿಯುಂಟು, ಮೂಗನ್ನು ಕಾಲಿನಿಂದ ಒರೆಸಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಎತ್ತುವಾಗ ಕಿವಿ ಹಿಡಿದು ಎತ್ತಬಾರದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು, ನಿಮ್ಮ ಎದೆಗೆ ಒರಗಿಸಿಕೊಳ್ಳಿ. ಚಿಕ್ಕ ಮಕ್ಕಳು ನೆಲದ ಮೇಲೆ ಕುಳಿತೇ ಆಡಿಸಲಿ.

ಈಗ ಗೂಡಿನ ಮಾತು. ಒಂದರಿಂದ ನಾಲ್ಕು ತಿಂಗಳ ಮರಿಗಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವ ಕಾಯಿಲೆಗಳಲ್ಲಿ ಕಾಕ್ಸಿಡಿಯೋಸಿಸ್ ಮುಖ್ಯವಾದದ್ದು. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಯೊಂದು ಕರುಳಿನಲ್ಲಿಯೋ ಪಿತ್ತಜನಕಾಂಗದಲ್ಲಿಯೋ ಬೆಳೆದು ಭೇದಿ, ಹೊಟ್ಟೆಯುಬ್ಬರ, ಸೊರಗುವಿಕೆಗಳನ್ನು ತರುತ್ತದೆ. ಈ ಜೀವಿಯ ಬೀಜಕಣಗಳು ಹಿಕ್ಕೆಯೊಡನೆ ಹೊರಬೀಳುತ್ತವೆ. ಬಿದ್ದ ಕೂಡಲೆ ಅವುಗಳಿಗೆ ರೋಗ ಹರಡುವ ಶಕ್ತಿ ಇರುವುದಿಲ್ಲ. ತೇವವೂ ಬೆಚ್ಚನೆಯ ಜಾಗವೂ ದೊರೆತು ಕೆಲವು ದಿನ ಕಳೆದರೆ ಆ ಶಕ್ತಿ ಬರುತ್ತದೆ. ಗೃಹಿಣಿಯ ಪೊರಕೆಯ ಮಹಿಮೆ ಇರುವುದು ಇಲ್ಲಿಯೇ. ದಿನಕ್ಕೊಮ್ಮೆ ಹಿಕ್ಕೆಯನ್ನೂ ಒದ್ದೆ ಹುಲ್ಲನ್ನೂ ತೆಗೆದರೆ ಶತ್ರು ಬಲಿಯುವ ಮುನ್ನವೇ ಹೊರಗೆ ಹೋದಂತಾಯಿತು. ವಾರಕ್ಕೊಮ್ಮೆ ಎಂದು ಬಿಟ್ಟರೆ ಅದಕ್ಕೆ ಬೇಕಾದ ಕಾಲವನ್ನು ನಾವೇ ಕೊಟ್ಟಂತೆ.

ಫಿನೈಲು ಹಾಕಿ ತೊಳೆದೆವಲ್ಲ ಎನ್ನಬೇಡಿ. ಈ ಬೀಜಕಣಗಳು ಸಾಮಾನ್ಯ ಕ್ರಿಮಿನಾಶಕಗಳಿಗೆ ಜಗ್ಗುವುದಿಲ್ಲ. ಫಿನೈಲಿನ ಘಾಟು ಮೊಲದ ಮೂಗಿಗೂ ಶ್ವಾಸಕ್ಕೂ ಕೆಡುಕು. ಅವು ಹೆದರುವುದು ಕುದಿಯುವ ನೀರಿಗೆ ಮತ್ತು ಚೆನ್ನಾಗಿ ಒಣಗಿಸುವ ಬಿಸಿಲಿಗೆ. ವಾರಕ್ಕೊಂದು ದಿನ ಮೊಲವನ್ನು ಬೇರೆಡೆ ಇರಿಸಿ, ಗೂಡನ್ನು ಸೋಪಿನ ನೀರಿನಲ್ಲಿ ಉಜ್ಜಿ, ಮೇಲೆ ಕುದಿಯುವ ನೀರು ಸುರಿದು, ಪೂರ್ತಿ ಒಣಗುವವರೆಗೆ ಬಿಸಿಲಿಗೆ ಇಡಿ. ಮೊಲದ ಮೂತ್ರದಲ್ಲಿ ಸುಣ್ಣದ ಅಂಶ ಹೆಚ್ಚು. ಹಾಗಾಗಿ ಅದು ಮಜ್ಜಿಗೆಯಂತೆ ಮಬ್ಬಾಗಿರುತ್ತದೆ, ಒಣಗಿದರೆ ಬಿಳಿಯ ಕರೆ ಕಟ್ಟುತ್ತದೆ. ಹಿತ್ತಾಳೆ ಪಾತ್ರೆಗೆ ಹಚ್ಚುವ ಹುಣಸೆಹುಳಿಯೇ ಈ ಕರೆಗೂ ಮದ್ದು. ಮೂತ್ರ ಕೆಲವೊಮ್ಮೆ ಕೆಂಪಗೆ ಕಾಣುವುದು ತಿಂದ ಸೊಪ್ಪಿನ ಬಣ್ಣದಿಂದಲೂ ಇರಬಹುದು. ಎರಡು ದಿನವಾದರೂ ಹೋಗದಿದ್ದರೆ, ಅಥವಾ ಮೊಲ ಮುಕ್ಕುತ್ತಿದ್ದರೆ, ವೈದ್ಯರಿಗೆ ತೋರಿಸಿ.

ಮೊಲ ಹೇಸಿಗೆಯ ಪ್ರಾಣಿಯಲ್ಲ. ತಾನಾಗಿ ಒಂದು ಮೂಲೆಯನ್ನು ಗೊತ್ತು ಮಾಡಿಕೊಂಡು ಅಲ್ಲಿಯೇ ಮೂತ್ರ ಮಾಡುತ್ತದೆ. ಆ ಮೂಲೆಯಲ್ಲಿ ಒಂದು ತಟ್ಟೆಯಿಟ್ಟು, ಹಳೆಯ ಪತ್ರಿಕೆ ಹಾಸಿ, ಮೇಲೆ ಹುಲ್ಲು ಹರಡಿದರೆ ನಿಮ್ಮ ಅರ್ಧ ಕೆಲಸ ಹಗುರವಾಯಿತು. ಬೆಳಗಿನ ಜಾವ ಮೊಲ ಬಾಗಿ ತನ್ನ ಮೃದುವಾದ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಕೆಲವರು ಹೌಹಾರುತ್ತಾರೆ. ತಡೆಯಬೇಡಿ. ಅದು ಒಮ್ಮೆ ಹುದುಗಿದ ಆಹಾರ. ಎತ್ತು ಮೆಲುಕು ಹಾಕುವಂತೆ ಮೊಲ ಅದರಿಂದ ಸಸಾರಜನಕವನ್ನೂ 'ಬಿ' ಜೀವಸತ್ವಗಳನ್ನೂ ಎರಡನೆಯ ಸಲ ಪಡೆಯುತ್ತದೆ. ಗಟ್ಟಿಯಾದ ಗುಂಡು ಹಿಕ್ಕೆ ಮಾತ್ರ ಕಸ.

ಗೂಡು ಎಷ್ಟಿರಬೇಕು? ಬೆಳೆದ ಒಂದು ಮೊಲಕ್ಕೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ ಕನಿಷ್ಠ. ಕಿವಿ ನೆಟ್ಟಗೆ ಮಾಡಿ ನಿಲ್ಲುವಷ್ಟು ಎತ್ತರ. ಇದರ ಮೇಲೆ ದಿನವೂ ಕೆಲವು ಗಂಟೆ ಹೊರಗೆ ಓಡಾಡಲು ಬಿಡಬೇಕು. ತಳಕ್ಕೆ ಬರಿಯ ತಂತಿಬಲೆ ಹಾಕಿದರೆ ಅಂಗಾಲು ಹುಣ್ಣಾಗುತ್ತದೆ. ಹಲಗೆ ಹಾಕಿ ಒಣ ರಾಗಿಹುಲ್ಲು ಹಾಸಿರಿ. ಬೆಕ್ಕು, ಹೆಗ್ಗಣ, ಹಾವು ನುಗ್ಗದಂತೆ ಬಾಗಿಲು ಬಿಗಿಯಾಗಿರಲಿ. ಕೋಳಿಗಳ ಜೊತೆ ಕೂಡಿಹಾಕಬೇಡಿ. ಅರಸೀಕೆರೆಯ ಸೀಮೆ ತೆಂಗಿನ ಸೀಮೆ, ತೋಟದ ನೆರಳು ತಂಪು ನಿಜ. ಆದರೆ ಮರದ ನೇರ ಬುಡದಲ್ಲಿ ಗೂಡಿಟ್ಟರೆ ಕಾಯಿಯೋ ಮಟ್ಟೆಯೋ ಬಿದ್ದು ಮೊಲಕ್ಕೆ ಮೂರು ಕಾಲೇ ಉಳಿದೀತು!

ನಮ್ಮ ಜಿಲ್ಲೆಯ ಹವೆ ಎಲ್ಲೆಡೆ ಒಂದೇ ಸಮನಲ್ಲ. ಅರಸೀಕೆರೆ, ಕಣಕಟ್ಟೆಗಳ ಬಯಲಿನಲ್ಲಿ ಮಾರ್ಚಿಯಿಂದ ಮೇವರೆಗಿನ ಬಿಸಿಲೇ ಶತ್ರು. ಮೊಲ ನಮ್ಮಂತೆ ಬೆವರುವುದಿಲ್ಲ. ಅಗಲವಾದ ಕಿವಿಗಳ ಮೂಲಕವೇ ಬಹುಪಾಲು ಬೇಗೆ ಕಳೆಯುತ್ತದೆ. 30 ಡಿಗ್ರಿ ಸೆಂಟಿಗ್ರೇಡ್ ದಾಟಿತೆಂದರೆ ಅದಕ್ಕೆ ಸಂಕಟ. ತಗಡಿನ ಮಾಡಿನ ಕೆಳಗೆ ಇಡಬೇಡಿ. ಗೂಡಿನ ಸುತ್ತ ಒದ್ದೆ ಗೋಣಿತಟ್ಟು ಇಳಿಬಿಡಿ, ಗಾಳಿಯಾಡಲು ಒಂದು ಬದಿ ತೆರೆದಿರಲಿ, ಮಲಗಲು ತಣ್ಣನೆಯ ಹೆಂಚೊಂದನ್ನು ಇಡಿ. ಬಾಯಿ ತೆರೆದು ಏದುತ್ತ, ಮೈಚಾಚಿ ಬಿದ್ದುಕೊಂಡರೆ ಕೂಡಲೆ ತಂಪಾದ ಕಡೆಗೆ ಒಯ್ದು ಕಿವಿಗಳನ್ನು ತಣ್ಣೀರ ಬಟ್ಟೆಯಿಂದ ಒರೆಸಿ, ವೈದ್ಯರ ಬಳಿಗೆ ಹೊರಡಿ. ಆಗಲೂ ಮೈಯನ್ನು ನೀರಿಗೆ ಅದ್ದಬಾರದು. ಹಳೇಬೀಡು ದಾಟಿ ಬೇಲೂರಿನ ಕಡೆ ಹೋದಂತೆ ಮಳೆಗಾಲದ ಶೀತವೇ ಶತ್ರು. ಅಲ್ಲಿ ಹಾಸು ದಿನಕ್ಕೆರಡು ಸಲ ಬದಲಾಗಬೇಕು. ಮಳೆಗಾಲದಲ್ಲಿ ಬಾಲದ ಕೆಳಗೆ ಕೊಳೆ ಅಂಟಿದ್ದರೆ ನೊಣ ಮೊಟ್ಟೆಯಿಟ್ಟು, ಒಂದು ದಿನದೊಳಗೆ ಹುಳು ಬೀಳುವುದುಂಟು. ಆ ಭಾಗವನ್ನು ದಿನವೂ ನೋಡಿ. ಕೊಳೆಯಿದ್ದರೆ ಅಷ್ಟು ಜಾಗವನ್ನು ಮಾತ್ರ ಉಗುರುಬೆಚ್ಚನೆಯ ನೀರಿನ ಬಟ್ಟೆಯಿಂದ ಒರೆಸಿ, ತಕ್ಷಣ ಒಣಗಿಸಿ. ಮತ್ತೆ ಮತ್ತೆ ಕೊಳೆಯಾಗುತ್ತಿದ್ದರೆ ದೋಷ ಹೊಟ್ಟೆಯಲ್ಲಿದೆ ಎಂದು ತಿಳಿಯಿರಿ.

ಹೊಟ್ಟೆಯ ಆರೋಗ್ಯಕ್ಕೆ ಮೂಲ ಹುಲ್ಲು. ಮೊಲದ ಊಟದಲ್ಲಿ ಹತ್ತರಲ್ಲಿ ಎಂಟು ಪಾಲು ಹುಲ್ಲೇ ಇರಬೇಕು. ಅದರ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಮುಂಬಲ್ಲು ವಾರಕ್ಕೆ ಎರಡು ಮಿಲಿಮೀಟರಿನಷ್ಟು ಬೆಳೆಯುತ್ತದೆ. ನಾರುಳ್ಳ ಹುಲ್ಲನ್ನು ಅಗಿದರೆ ಹಲ್ಲು ಸವೆಯುತ್ತದೆ, ಕರುಳೂ ಓಡುತ್ತದೆ. ಅನ್ನ, ರೊಟ್ಟಿ, ಬಿಸ್ಕತ್ತು, ಹಾಲು ಇವೆಲ್ಲ ನಮ್ಮ ತಿಂಡಿ; ಮೊಲಕ್ಕೆ ವಿಷಪ್ರಾಯ. ಗರಿಕೆ, ಒಣಹುಲ್ಲು ಯಾವಾಗಲೂ ಮುಂದಿರಲಿ. ಬೆಳೆಯುವ ಮರಿಗೆ ಕುದುರೆಮಸಾಲೆ ಸೊಪ್ಪು ಒಳ್ಳೆಯದು. ಕೊತ್ತಂಬರಿಯಂಥ ಸೊಪ್ಪುಗಳನ್ನು ತೊಳೆದು, ನೀರು ಬಸಿದು, ಸ್ವಲ್ಪ ಸ್ವಲ್ಪ ಕೊಡಿ. ಚಿತ್ರಗಳಲ್ಲಿ ಮೊಲದ ಬಾಯಲ್ಲಿ ಸದಾ ಗಜ್ಜರಿ ಇರುತ್ತದೆ. ನಿಜದಲ್ಲಿ ಅದರ ಸಿಹಿ ಮೊಲಕ್ಕೆ ಹಬ್ಬದ ಹೋಳಿಗೆಯಿದ್ದಂತೆ, ಒಂದು ತುಂಡು ಸಾಕು. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಆಲೂಗೆಡ್ಡೆ ಮತ್ತು ಟೊಮೇಟೊ ಗಿಡದ ಸೊಪ್ಪು, ಅಂಗಳದ ಕಣಗಿಲೆ, ಬೇಲಿಯ ಲಂಟಾನ ಇವನ್ನು ಹತ್ತಿರ ಸೇರಿಸಬೇಡಿ. ಮನೆಗೆ ತಂದ ಮೊದಲ ವಾರ ಮರಿ ಹಿಂದೆ ತಿನ್ನುತ್ತಿದ್ದುದನ್ನೇ ಕೊಟ್ಟು, ಆಮೇಲೆ ಹೊಸತನ್ನು ಒಂದೊಂದಾಗಿ ಸೇರಿಸಿ. ಭಾರವಾದ ಮಣ್ಣಿನ ಬೋಗುಣಿಯಲ್ಲಿ ದಿನವೂ ಹೊಸ ನೀರಿಡಿ.

ಮೈಯ ಆರೈಕೆಗೆ ಮೆತ್ತನೆಯ ಬ್ರಷ್ ಸಾಕು. ವಾರಕ್ಕೊಮ್ಮೆ, ಕೂದಲು ಉದುರುವ ಕಾಲದಲ್ಲಿ ದಿನವೂ ಬಾಚಿ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ನೆಕ್ಕಿ ನುಂಗಿದ ಕೂದಲೆಲ್ಲ ಹೊಟ್ಟೆಯ ಮೂಲಕವೇ ಹೋಗಬೇಕು. ತಿಂಗಳಿಗೋ ಒಂದೂವರೆ ತಿಂಗಳಿಗೋ ಉಗುರಿನ ತುದಿ ಕತ್ತರಿಸಿ. ಒಳಗೆ ಕಾಣುವ ಕೆಂಪು ಭಾಗವನ್ನು ಮುಟ್ಟಬೇಡಿ. ಕಿವಿಯೊಳಗೆ ಕಂದು ಹಕ್ಕಳೆ ಕಟ್ಟಿ ಮೊಲ ತಲೆ ಕೊಡವುತ್ತಿದ್ದರೆ ಅದು ನುಸಿ. ಹಕ್ಕಳೆಯನ್ನು ಕೀಳಬೇಡಿ, ಎಣ್ಣೆ ಹೊಯ್ಯಬೇಡಿ. ವೈದ್ಯರ ಒಂದೆರಡು ಚುಚ್ಚುಮದ್ದಿಗೆ ತಾನಾಗಿ ಉದುರುತ್ತದೆ. ಮೂಗು, ಪಾದಗಳ ಮೇಲೆ ಬೂದಿಯಂಥ ಹೊಪ್ಪಳೆ ಬಂದರೆ ಅದು ಕಜ್ಜಿ. ಕಜ್ಜಿಯೂ ಹುಳುಕಡ್ಡಿಯೂ ಮಕ್ಕಳಿಗೆ ಅಂಟಬಹುದು. ಮೊಲವನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಮನೆಯ ನಿಯಮವಾಗಲಿ.

ಎರಡು ಎಚ್ಚರಿಕೆಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಒಂದು: ನಾಯಿಯ ಉಣ್ಣೆ, ಚಿಗಟಗಳಿಗೆಂದು ಬೆನ್ನಿಗೆ ಬಿಡುವ ಫಿಪ್ರೊನಿಲ್ ಎಂಬ ಔಷಧ ಮೊಲಕ್ಕೆ ವಿಷ. ಎರಡು: ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಮುಂತಾದ ಪೆನಿಸಿಲಿನ್ ಜಾತಿಯ ಔಷಧವನ್ನು ಬಾಯಿಗೆ ಹಾಕಬೇಡಿ. ಅದು ಮೊಲದ ಹೊಟ್ಟೆಯಲ್ಲಿ ಜೀರ್ಣಕ್ಕೆ ನೆರವಾಗುವ ಸೂಕ್ಷ್ಮಜೀವಿಗಳನ್ನೇ ಕೊಂದು, ಗುಣ ಮಾಡುವ ಬದಲು ಪ್ರಾಣ ತೆಗೆಯುತ್ತದೆ. ಮಗುವಿಗೆ ವಾಸಿಯಾದ ಮದ್ದು ಮೊಲಕ್ಕೂ ವಾಸಿಯಾದೀತು ಎಂಬ ಲೆಕ್ಕ ಇಲ್ಲಿ ನಡೆಯದು.

ಮೊಲ ತನ್ನ ನೋವನ್ನು ಬಚ್ಚಿಡುತ್ತದೆ. ಕೂಗುವುದಿಲ್ಲ, ನರಳುವುದಿಲ್ಲ, ಊಟ ಬಿಡುತ್ತದೆ, ಅಷ್ಟೇ. ಆದ್ದರಿಂದ ಬೆಳಿಗ್ಗೆ ಗೂಡು ಗುಡಿಸುವಾಗಲೇ ಮೂರು ಪ್ರಶ್ನೆ ಕೇಳಿಕೊಳ್ಳಿ. ರಾತ್ರಿ ಇಟ್ಟ ಹುಲ್ಲು ಖರ್ಚಾಗಿದೆಯೆ? ಹಿಕ್ಕೆ ಎಂದಿನಷ್ಟು, ಎಂದಿನ ಗಾತ್ರಕ್ಕೆ ಬಿದ್ದಿದೆಯೆ? ಬಾಗಿಲ ಸದ್ದಿಗೆ ಮುಂದೆ ಬಂತೆ? ಹನ್ನೆರಡು ಗಂಟೆ ಕಾಲ ಏನನ್ನೂ ತಿನ್ನದ ಮೊಲ ಅಪಾಯದಲ್ಲಿದೆ. ಮರಿಯಾದರೆ ಅಷ್ಟು ಹೊತ್ತೂ ಕಾಯಬಾರದು. ಭೇದಿಯಾದ ಮರಿಯನ್ನು ಅಂದೇ ಅರಸೀಕೆರೆಯ ಪಶು ಆಸ್ಪತ್ರೆಗೆ ಒಯ್ಯಿರಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ವಾರಕ್ಕೊಮ್ಮೆ ಮರಿಯನ್ನು ಬುಟ್ಟಿಯಲ್ಲಿ ಕೂರಿಸಿ ತೂಗಿ, ಬರೆದಿಡುವ ಕೆಲಸವನ್ನು ಮಕ್ಕಳಿಗೆ ಕೊಡಿ. ಬೆಳೆಯುವ ಮರಿಯ ತೂಕ ನಿಂತರೆ ಅದೇ ಮೊದಲ ಸೂಚನೆ.

ಗಂಡು ಹೆಣ್ಣು ಜೋಡಿಯನ್ನು ತರುವವರು ಇನ್ನೊಂದನ್ನು ಲೆಕ್ಕ ಹಾಕಲಿ. ನಾಲ್ಕೈದು ತಿಂಗಳಿಗೆ ಅವು ಪ್ರಾಯಕ್ಕೆ ಬರುತ್ತವೆ. ಗರ್ಭದ ಕಾಲ ಸುಮಾರು 31 ದಿನ. ಈದ ದಿನವೇ ಮತ್ತೆ ಗರ್ಭ ನಿಲ್ಲಬಹುದು. ನಾಲ್ಕು ತಿಂಗಳಿಗೆ ಮುನ್ನವೇ ಬೇರ್ಪಡಿಸಿ, ಇಲ್ಲವೆ ಶಸ್ತ್ರಚಿಕಿತ್ಸೆಯ ವಿಚಾರ ವೈದ್ಯರನ್ನು ಕೇಳಿ.

ಸರಿಯಾಗಿ ನೋಡಿಕೊಂಡ ಸಾಕುಮೊಲ ಎಂಟರಿಂದ ಹತ್ತು ವರ್ಷ ಬಾಳುತ್ತದೆ. ಅಂದರೆ ನಾಲ್ಕನೆಯ ತರಗತಿಯ ಮಗು ತಂದ ಮರಿ ಅವಳು ಕಾಲೇಜಿನ ಮೆಟ್ಟಿಲು ಹತ್ತುವಾಗಲೂ ಮನೆಯಲ್ಲಿರಬಹುದು. ಇದು ಒಂದು ಹಬ್ಬದ ಆಟಿಕೆಯಲ್ಲ ಎಂಬುದನ್ನು ಕೊಳ್ಳುವ ಮುನ್ನವೇ ಮನೆಯ ಹಿರಿಯರು ಒಪ್ಪಿಕೊಳ್ಳಬೇಕು.

ಮುಂದಿನ ದೀಪಾವಳಿಗೆ ನಿಮ್ಮ ಮನೆಯ ಮಗು ಹಂಡೆಯ ಮುಂದೆ ಮೊಲವನ್ನು ಎತ್ತಿಕೊಂಡು ಬಂದರೆ ಗದರಬೇಡಿ. ಮೊಲದ ಹಬ್ಬ ಬೇರೆ ರೀತಿಯದು ಎಂದು ಹೇಳಿಕೊಡಿ. ಗೂಡಿಗೆ ಹೊಸ ಹುಲ್ಲು ಹಾಸಲಿ, ಬೋಗುಣಿಯನ್ನು ಬೆಳಗಿ ಹೊಸ ನೀರಿಡಲಿ, ಹೊಲದಿಂದ ಒಂದು ಹಿಡಿ ಎಳೆ ಗರಿಕೆ ಕಿತ್ತು ತರಲಿ. ಪಟಾಕಿಯ ಸದ್ದು ಕೇಳದ ಒಳಕೋಣೆಗೆ ಗೂಡನ್ನು ಸರಿಸಿ, ಬಾಗಿಲು ಮುಂದೆ ಮಾಡಿ. ಸ್ವಲ್ಪ ಹೊತ್ತು ಬಿಟ್ಟು ಇಬ್ಬರೂ ಇಣುಕಿ ನೋಡಿ: ಮೊಲ ಮುಂಗಾಲು ನೆಕ್ಕಿ ಮುಖ ತೊಳೆಯುತ್ತಿರುತ್ತದೆ. ಅದರ ಅಭ್ಯಂಜನವನ್ನು ಅದು ತಾನೇ ಮಾಡಿಕೊಳ್ಳುತ್ತಿದೆ.